ತುಕ್ಕು ಮತ್ತು ಜೀರ್ಣೋದ್ಧಾರ

ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಮೈಸೂರಿನ ಮಾರ್ಗವು ಕವಲೊಡೆಯುವ ಮಾಣಿಯಲ್ಲಿ, ನಮ್ಮ ಮನೆಯ ಮುರಕಲ್ಲಿನ ಕೊಟ್ಟಿಗೆಯೊಳಗೆ, ದನಗಳಿಲ್ಲದಾದ ಮೇಲೆ, ತಂದೆಯವರ ಫಿಯಟ್ 1100 ಕಾರು ಅನೇಕ ಮಳೆಗಾಲಗಳನ್ನು ನಿಂತಲ್ಲಿಯೇ ಕಳೆದಿತ್ತು. ವರ್ಷಕ್ಕೆ 4000 ಮಿಲಿಮೀಟರಿಗೆ ಸಮೀಪ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಅದನ್ನು ಮತ್ತೆ ಓಡುವಂತೆ ಮಾಡಬೇಕೆಂದು ನಾನು ತೊಡಗಿದ ದಿನ, ಟಿಂಕರಿಂಗ್ ಕೆಲಸದವನು ಬಾಗಿಲಿನ ಕೆಳಂಚಿಗೆ ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲನೆ ಒತ್ತಿದನು. ಬಣ್ಣದ ಅಡಿಯಲ್ಲಿ ಹಿಂದೆಂದೋ ಮೆತ್ತಿದ್ದ ಪುಟ್ಟಿ ಹಪ್ಪಳದಂತೆ ಒಡೆದು, ಹಿಡಿಯಷ್ಟು ಕೆಂಪು ಹುಡಿ ನೆಲಕ್ಕೆ ಉದುರಿತು. “ಮಾಸ್ಟ್ರೇ, ಇದರ ಮೇಲೆ ಪುನಃ ಪುಟ್ಟಿ ಹಾಕಿದರೆ ಎರಡು ಮಳೆ ದಾಟುವುದಿಲ್ಲ, ಕತ್ತರಿಸಿ ಹೊಸ ತಗಡು ಕೂರಿಸಬೇಕು” ಎಂದನು.

ಕತ್ತರಿಸುತ್ತ ಹೋದಂತೆ ನೆಲದ ತಗಡು ಹೋಯಿತು, ಮಡ್‌ಗಾರ್ಡು ಹೋಯಿತು, ಬಾಗಿಲಿನ ಅರ್ಧ ಹೋಯಿತು. ಹೀಗೆ ಒಂದೊಂದಾಗಿ ಬದಲಾದ ಬಳಿಕ ಉಳಿಯುವುದು ತಂದೆಯವರ ಕಾರೇ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಬೌದ್ಧ ಭಿಕ್ಷುವಾದ ನಾಗಸೇನನು ಮಿಲಿಂದ ಮಹಾರಾಜನಿಗೆ ರಥವನ್ನೇ ತೋರಿಸಿ, ಅಚ್ಚಾಗಲಿ ಚಕ್ರವಾಗಲಿ ನೊಗವಾಗಲಿ ರಥವಲ್ಲವೆಂದೂ ಅವು ಕೂಡಿದಾಗ ರಥವೆಂಬುದು ವ್ಯವಹಾರದ ಹೆಸರು ಮಾತ್ರವೆಂದೂ ವಿವರಿಸಿದನು. ನಮ್ಮ ಸರಕಾರವೂ 2021ರ ನಿಯಮದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದೆ: 50 ವರ್ಷ ದಾಟಿದ ವಾಹನ ‘ವಿಂಟೇಜ್’ ಎನಿಸಬೇಕಾದರೆ ಅದರ ಚಾಸಿಸ್, ದೇಹ, ಇಂಜಿನುಗಳು ಗಣನೀಯವಾಗಿ ಮಾರ್ಪಡದೆ ಮೂಲರೂಪದಲ್ಲಿರಬೇಕು.

ನಮ್ಮೂರ ದೇವಸ್ಥಾನಗಳ ಜೀರ್ಣೋದ್ಧಾರವಾದರೋ ಬೇರೆ ಬಗೆಯದು. ಸಾನ್ನಿಧ್ಯವನ್ನು ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿರಿಸಿ, ಗರ್ಭಗುಡಿಯನ್ನು ಬಿಚ್ಚಿ ಕಟ್ಟಿ, ಪುನಃಪ್ರತಿಷ್ಠೆಯಾಗಿ, ಅಷ್ಟಬಂಧ ಬ್ರಹ್ಮಕಲಶಗಳು ನೆರವೇರಿದ ಮೇಲೆ, ದೇವರು ಹೊಸಬನಾದನೆಂದು ಯಾರೂ ಹೇಳುವುದಿಲ್ಲ. ಕಾರಿಗಾದರೆ ಆವಾಹಿಸಬೇಕಾದ ಸಾನ್ನಿಧ್ಯವಿಲ್ಲ.

ನನಗೆ ಸಮಾಧಾನ ಕೊಟ್ಟದ್ದು ಜೈನರ ವಿಚಾರ. ಬೆಳ್ತಂಗಡಿ, ಮೂಡುಬಿದಿರೆಗಳ ಬಸದಿಗಳ ನೆರಳಿನಲ್ಲಿ ಬೆಳೆದವರಿಗೆ ಅದು ಅಪರಿಚಿತವಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಂತೆ, ಇರುವ ಪ್ರತಿಯೊಂದು ವಸ್ತುವಿನಲ್ಲಿಯೂ ಉತ್ಪತ್ತಿ, ನಾಶ, ಸ್ಥಿರತೆಗಳು ಏಕಕಾಲದಲ್ಲಿಯೇ ಇವೆ. ಕೊಟ್ಟಿಗೆಯ ಗೋಡೆಯನ್ನು ನೋಡಿದೆ: ಮುರಕಲ್ಲಿನ ಕೆಂಪೂ ನೆಲದ ಮೇಲಿನ ಹುಡಿಯ ಕೆಂಪೂ ಕಬ್ಬಿಣದ ಆಕ್ಸೈಡಿನವೇ. ತಗಡನ್ನು ತಿಂದ ಆ ಪದಾರ್ಥವೇ ಅಗೆದು ತೆಗೆದ ಮೆದುಕಲ್ಲನ್ನು ಗಾಳಿಬಿಸಿಲಿನಲ್ಲಿ ಗಟ್ಟಿಯಾಗಿಸಿ ನಮ್ಮ ಮನೆಗಳನ್ನು ನಿಲ್ಲಿಸಿದೆ. ಆದುದರಿಂದ ತುಕ್ಕನ್ನು ಶತ್ರುವೆಂದು ಕರೆಯಲು ನನ್ನ ನಾಲಗೆ ಏಳದು.

ಹಾಗಾದರೆ ದೋಷವಿರುವುದೆಲ್ಲಿ? ಪುಟ್ಟಿಯಲ್ಲಿ. ಕಾರು ಅದೇ ಹೌದು, ಅದೇ ಅಲ್ಲವೂ ಹೌದು. ಎರಡನ್ನೂ ನುಡಿಯುವುದು ಜೈನರು ಹೇಳುವ ಅನೇಕಾಂತ, ಒಂದನ್ನು ಬಣ್ಣದಡಿಯಲ್ಲಿ ಅಡಗಿಸುವುದು ಅನೃತ. ಡಿ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಕಾಪಿಟ್ಟ ಹಳೆಯ ಕಾರುಗಳ ಸಾಲಿನ ಮುಂದೆ ನಿಂತಾಗಲೆಲ್ಲ, ಪ್ರತಿಯೊಂದರ ಹಿಂದೆ ಎಷ್ಟು ಕೈಗಳು ದುಡಿದಿರಬೇಕೆಂದು ನೆನೆದು ನನ್ನ ಮನಸ್ಸು ಬಾಗುತ್ತದೆ. ದೇವಾಲಯದ ಜೀರ್ಣೋದ್ಧಾರ ಮಾಡಿಸಿದವರು ತಾವು ಮಾಡಿಸಿದ್ದನ್ನು ಶಿಲೆಯಲ್ಲಿ ಬರೆಯಿಸಿದರು. ಹಾಗೆಯೇ ಹಳೆಯ ವಾಹನವನ್ನು ಮನೆಯಲ್ಲಿ ಕಟ್ಟುತ್ತಿರುವ ಬಂಧುಗಳು ಯಾವ ತಗಡು ಮೊದಲಿನದು, ಯಾವುದು ಯಾವಾಗ ಯಾರ ಕೈಯಿಂದ ಬದಲಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಆರ್.ಸಿ. ಪತ್ರದೊಡನೆ ಇಡಬೇಕೆಂದು ಬೇಡುತ್ತೇನೆ.