ಜೀಫ್ಯರು ಕೊಟ್ಟ ಸುಳಿವು
(1 ಸಮುವೇಲ 23:19–24)



ದಾವೀದನು ಸೌಲನಿಗೆ ತಪ್ಪಿಸಿಕೊಂಡು ಜೀಫ್ ಅರಣ್ಯದಲ್ಲಿ ಅಡಗಿದ್ದಾಗ ಜೀಫ್ಯರು ಗಿಬೆಯಕ್ಕೆ ಹೋಗಿ ಅವನಿರುವ ಗುಡ್ಡವನ್ನು ಅರಸನಿಗೆ ತಿಳಿಸಿದರು. ಅರಸನು ಅಷ್ಟರಿಂದ ತೃಪ್ತನಾಗಲಿಲ್ಲ. ಅವನ ಹೆಜ್ಜೆ ಎಲ್ಲಿ ಬೀಳುತ್ತದೆ, ಅವನನ್ನು ಕಂಡವರಾರು, ಅಡಗುವ ಸ್ಥಳಗಳಾವವು, ಇವೆಲ್ಲವನ್ನು ನಿಶ್ಚಯಮಾಡಿಕೊಂಡು ಬರಬೇಕೆಂದು ಅವರನ್ನು ತಿರುಗಿ ಕಳುಹಿಸಿದನು. ಜೀಫ್ಯರು ಕತ್ತಿ ಹಿಡಿಯಲಿಲ್ಲವೆಂಬದನ್ನು ಗಮನಿಸಿರಿ. ಅವರು ಸುದ್ದಿಯನ್ನು ಮಾತ್ರ ಒಯ್ದರು.

ನಮ್ಮ ಸೀಮೆಗೂ ಇದು ಹೊಸದಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಪ್ರಾಂತದಲ್ಲಿದ್ದಾಗ ಹರಣಶಿಕಾರಿ, ಗಂಟಿಚೋರ ಮೊದಲಾದ ಅಲೆಮಾರಿ ಜನರು 1911ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಕೆಳಗೆ ಬಂದರು. ಹುಟ್ಟಿದ ಜಾತಿಯೇ ಅಪರಾಧವಾಯಿತು. ಅವರ ಹೆಸರು ಪಟ್ಟಿಯಲ್ಲಿ, ಬೆರಳ ಗುರುತು ಕಾಗದದ ಮೇಲೆ, ಹಾಜರಿ ಠಾಣೆಯಲ್ಲಿ. ಸುಳಿವು ಕೊಡುವದು ಊರ ಗೌಡನಿಗೂ ತಳವಾರನಿಗೂ ಕರ್ತವ್ಯ. ಅಂಥವರ ವಸತಿಯೊಂದನ್ನು ಸೊಲ್ಲಾಪುರದಲ್ಲಿ ಅಮೇರಿಕನ್ ಮರಾಠಿ ಮಿಶನ್ನಿನವರೇ ನಡೆಸಿದರೆಂಬದನ್ನು ನಾವು ಮರೆಮಾಡತಕ್ಕದ್ದಲ್ಲ. 1952ರ ಆಗಸ್ಟ್ 31ರಂದು ಆ ಕಾಯಿದೆ ದೇಶದಲ್ಲೆಲ್ಲಾ ರದ್ದಾಯಿತು.

ಗೌಡನು ಕಾಯಿದೆಗೆ ಅಂಜಿ ಕೊಟ್ಟದ್ದನ್ನು ಈ ಕಾಲದ ವರ್ತಕರು ಹಣಕ್ಕೆ ಕೊಡುತ್ತಾರೆ. 2021ರಲ್ಲಿ ಅಮೇರಿಕದ ಲೆಕ್ಸಿಸ್‌ನೆಕ್ಸಿಸ್ ಎಂಬ ಕಂಪನಿಯು, ವಲಸೆ ಬಂದವರನ್ನು ಹಿಡಿದು ಹೊರಗೆ ಕಳುಹಿಸುವ ಅಲ್ಲಿಯ ಸರಕಾರಿ ಇಲಾಖೆಯೊಡನೆ ಕರಾರು ಮಾಡಿಕೊಂಡಿತು. ಆ ದೇಶದಲ್ಲಿ ಲೈಟ್ ಬಿಲ್ಲನ್ನು ತನ್ನ ಹೆಸರಿಗೆ ಮಾಡಿಸಿಕೊಂಡ ಬಡವನ ವಿಳಾಸವೂ ಇಂಥ ವ್ಯಾಪಾರದೊಳಗೆ ಸೇರಿತ್ತು. ಮನೆಗೆ ದೀಪ ಬೇಕಾದದರಿಂದಲೇ ಅವನು ಅದನ್ನು ಕೊಟ್ಟಿದ್ದನು!

ಅಧಿಕಾರಿಗಳಿಗೆ ಅಧೀನರಾಗಿರಬೇಕಲ್ಲವೇ ಎಂದು ಕೆಲವರು ಕೇಳುವರು. ಹೌದು, ಕಾಯಿದೆಯಂತೆ ಕೇಳುವವರಿಗೆ ಸತ್ಯವನ್ನೇ ಹೇಳತಕ್ಕದ್ದು. ಆದರೆ ಒಬ್ಬನು ನಂಬಿ ಕೊಟ್ಟದ್ದನ್ನು ಮತ್ತೊಬ್ಬನಿಗೆ ಮಾರುವದು ಅಧೀನತೆಯಲ್ಲ. ಸೌಲನು ಜೀಫ್ಯರನ್ನು ಯೆಹೋವನ ಹೆಸರಿನಲ್ಲಿಯೇ ಹರಸಿದನು. 26ನೆಯ ಅಧ್ಯಾಯದಲ್ಲಿ ಜೀಫ್ಯರು ಪುನಃ ಗಿಬೆಯದ ದಾರಿ ಹಿಡಿದದ್ದನ್ನು ಓದುತ್ತೇವೆ.

ಕಬ್ಬಿನ ಹಂಗಾಮಿನಲ್ಲಿ ಬೀಡ ಜಿಲ್ಲೆಯ ಕಡೆಯಿಂದ ಟೋಳಿಗಳು ರಾಯಬಾಗ, ಅಥಣಿ, ಕಾಗವಾಡದ ಹೊಲಗಳಿಗೆ ಬಂದು ಜೋಪಡಿ ಹಾಕುತ್ತವೆ. ಅವರ ಆಧಾರ ಕಾರ್ಡಿನ ಝೆರಾಕ್ಸ್ ಮುಕಾದಮನ ಚೀಲದಲ್ಲಿಯೂ ಸಿಮ್ ಮಾರುವವನ ಮೇಜಿನ ಮೇಲೆಯೂ ಉಳಿದುಬಿಡಬಹುದು. ಅವರಲ್ಲಿ ಅನೇಕರಿಗೆ ಕನ್ನಡ ಬಾರದು; ಏನು ಕೊಟ್ಟೆವೆಂದು ಕೇಳಲಾರರು. ನಿಪಾಣಿಯಲ್ಲಾಗಲಿ ಚಿಕ್ಕೋಡಿಯಲ್ಲಾಗಲಿ ಅಂಥ ಅಂಗಡಿಯಿಟ್ಟ ವಿಶ್ವಾಸಿಯು ಹೆಚ್ಚಾದ ಪ್ರತಿಯನ್ನು ಕೊಟ್ಟವನ ಕೈಗೇ ಮರಳಿಸಲಿ. ಮೊಬೈಲಿನಲ್ಲಿ ಉಳಿದ ಚಿತ್ರವನ್ನು ಅವನ ಕಣ್ಣೆದುರಿಗೆ ಅಳಿಸಲಿ.