ಹಳೆಯ ಕೋವಿ, ಹೊಸ ಪ್ರತಿಕೃತಿ ಮತ್ತು ಹಿಟ್ಟಿನ ಕೋಳಿ

ಯುದ್ಧದಲ್ಲಿ ಬಳಕೆಯಾಗಿ ಸೇನೆಯ ಉಗ್ರಾಣದಿಂದ ಹೊರಬಿದ್ದ ಹಳೆಯ ಬಂದೂಕನ್ನು ಇಟ್ಟುಕೊಳ್ಳಬೇಕೋ, ಅದೇ ಮಾದರಿಯಲ್ಲಿ ಇಂದು ತಯಾರಾದ ಪ್ರತಿಕೃತಿಯನ್ನು ಇಟ್ಟುಕೊಳ್ಳಬೇಕೋ ಎಂಬುದು ಮೇಲ್ನೋಟಕ್ಕೆ ಸಂಗ್ರಾಹಕರ ಅಭಿರುಚಿಗೆ ಬಿಟ್ಟ ವಿಷಯವೆನಿಸಿದರೂ, ವಸ್ತುವೊಂದು ಯಾವುದರಿಂದ ತಾನು ತಾನೇ ಆಗಿ ಉಳಿಯುತ್ತದೆ, ಅದು ಹಿಂದೆ ಮಾಡಿದ ಹಿಂಸೆ ಇಂದಿನ ಒಡೆಯನಿಗೆ ಅಂಟುತ್ತದೆಯೆ ಎಂಬ ಎರಡು ತಾತ್ತ್ವಿಕ ಪ್ರಶ್ನೆಗಳು ಅದರೊಳಗಿವೆ. ಕನಕಪುರ ತಾಲ್ಲೂಕಿನ ಕಬ್ಬಾಳಿಗೆ ಈ ಪ್ರಶ್ನೆಗಳು ದೂರದವಲ್ಲ. ಸಿಂಹಾಸನದಿಂದ ಇಳಿಸಲ್ಪಟ್ಟ ಚಾಮರಾಜ ಒಡೆಯರು 1734ರಲ್ಲಿ ಸೆರೆಯಾಳಾಗಿ ಬಂದದ್ದು ಇಲ್ಲಿನ ಕಬ್ಬಾಳದುರ್ಗಕ್ಕೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿಯೂ ಅದು ಸೆರೆಮನೆಯೇ ಆಗಿತ್ತು. ಕಬ್ಬಾಳದುರ್ಗದ ಬುಡದಲ್ಲಿ ಕಬ್ಬಾಳಮ್ಮನ ಗುಡಿಯಿದೆ. ಆಯುಧಪೂಜೆಯಂದು ಈ ಸೀಮೆಯ ಮನೆಗಳಲ್ಲಿ ಅಜ್ಜನ ಕಾಲದ ಮಚ್ಚಿಗೂ ಹೊಸದಾಗಿ ಕೊಂಡ ಟ್ರ್ಯಾಕ್ಟರಿಗೂ ಒಂದೇ ಅರಿಸಿನ ಕುಂಕುಮ ಸಲ್ಲುತ್ತದೆ. ಪೂಜೆ ವಸ್ತುವಿನ ವಯಸ್ಸನ್ನು ಕೇಳುವುದಿಲ್ಲ.

ಕರ್ನಾಟಕದ ಜೈನ ಪರಂಪರೆಯಲ್ಲಿ ಈ ಬಗೆಯ ಪ್ರಶ್ನೆಯನ್ನು ಬಿಡಿಸಲು ತಕ್ಕ ಸಾಧನವೊಂದಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ‘ನಿಕ್ಷೇಪ’ವನ್ನು, ಅಂದರೆ ವಸ್ತುವೊಂದನ್ನು ಗುರುತಿಸಿ ವ್ಯವಹರಿಸುವ ಬಗೆಯನ್ನು, ನಾಮ, ಸ್ಥಾಪನೆ, ದ್ರವ್ಯ, ಭಾವ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇಂದ್ರನೆಂಬ ಹೆಸರಿನ ಹುಡುಗ ನಾಮಮಾತ್ರದಿಂದ ಇಂದ್ರ. ಮರದಲ್ಲೋ ಚಿತ್ರದಲ್ಲೋ ‘ಇವನೇ ಅವನು’ ಎಂದು ನೆಲೆಗೊಳಿಸಿದ ಪ್ರತಿಮೆ ಸ್ಥಾಪನೆಯ ಇಂದ್ರ. ಹಿಂದೆ ಇಂದ್ರನಾಗಿದ್ದವನು ಅಥವಾ ಮುಂದೆ ಆಗಲಿರುವವನು ದ್ರವ್ಯದ ಇಂದ್ರ. ಈ ಗಳಿಗೆಯಲ್ಲಿ ಇಂದ್ರಪದವಿಯನ್ನು ಆಳುತ್ತಿರುವವನು ಭಾವದ ಇಂದ್ರ. ಇವುಗಳಲ್ಲಿ ಯಾವುದನ್ನೂ ಸುಳ್ಳೆಂದು ತಳ್ಳದೆ, ಒಂದನ್ನು ಇನ್ನೊಂದೆಂದು ಬಗೆಯುವುದೇ ತಪ್ಪು ಎನ್ನುವುದು ಈ ವಿಂಗಡಣೆಯ ದೊಡ್ಡತನ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ ಬಂದೂಕುಗಳನ್ನು ಈ ದೃಷ್ಟಿಯಿಂದ ನೋಡಬಹುದು. ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕುದುರೆಗೆ, ಅಂದರೆ ಕಿಡಿ ಹಾರಿಸಲು ಮುಂದಕ್ಕೆರಗುವ ಭಾಗಕ್ಕೆ, ಅವುಗಳಲ್ಲಿ ಹುಲಿಯ ರೂಪ ಕೊಡುತ್ತಿದ್ದರು. ನಳಿಗೆಯ ಮೇಲೆ ಹುಲಿಪಟ್ಟೆ ಮೂಡಿಸಿ, ಸುಲ್ತಾನನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನು ಕೆತ್ತುತ್ತಿದ್ದರು. ಅಂಥ ಕೋವಿ ಈಗ ಗಾಜಿನ ಪೆಟ್ಟಿಗೆಯಲ್ಲಿದ್ದರೆ ಅದು ದ್ರವ್ಯದಿಂದ ಮಾತ್ರ ಆಯುಧ: ಹಿಂದೊಮ್ಮೆ ಆಯುಧವಾಗಿದ್ದುದು. ಇಟಲಿಯ ಪೆಡರ್ಸೋಲಿ ಮೊದಲಾದ ಕಾರ್ಖಾನೆಗಳು ಅಂದಿನ ಚಕಮಕಿ ಕೋವಿಗಳ ಅಚ್ಚಿನಲ್ಲಿ ಇಂದಿನ ಉಕ್ಕಿನಿಂದ ಮಾಡುವ ಪ್ರತಿಕೃತಿ ಆಕಾರ ಹೋಲುವ ಸ್ಥಾಪನೆ. ಆದರೆ ಮದ್ದು ತುಂಬಿ ಗುರಿಯಿಟ್ಟಾಗ ಅದು ಭಾವದಲ್ಲಿಯೂ ಕೋವಿಯೇ, ಹೊಸದೆಂಬ ಕಾರಣಕ್ಕೆ ಅದರ ಗುಂಡು ಮೆತ್ತಗಾಗುವುದಿಲ್ಲ. ಮೂಲ ಕೋವಿಯ ಕಷ್ಟ ಬೇರೆ ಬಗೆಯದು. ಅದರ ಹಳೆಯ ಕಬ್ಬಿಣ ಮದ್ದಿನ ಒತ್ತಡವನ್ನು ತಾಳುವ ಭರವಸೆಯಿಲ್ಲ. ತಾಳಿದರೂ ಹಾರಿಸಿದ ಪ್ರತಿ ಗುಂಡೂ ನಳಿಗೆಯನ್ನು ಅಷ್ಟಷ್ಟು ಸವೆಸುತ್ತದೆ. ಮೂಲವೆಂದು ಗೌರವಿಸಿ ಬಳಸುವವನು ಆ ಮೂಲತ್ವವನ್ನೇ ಕರಗಿಸುತ್ತಾನೆ.

ಭಾರತದ 1959ರ ಆಯುಧ ಕಾಯಿದೆಯೂ ಇಂಥದೇ ವಿವೇಕವನ್ನು ತೋರುತ್ತದೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದಂತಿದ್ದರೆ ಅದರ 45ನೆಯ ಕಲಮು ವಿನಾಯಿತಿ ನೀಡುತ್ತದೆ. ಗುಂಡು ಹಾರಿಸಬಲ್ಲ ಪ್ರತಿಕೃತಿಗೆ ಅಂಥ ರಿಯಾಯಿತಿಯಿಲ್ಲ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿಯಾದರೋ ಕೋವಿಗಳಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜಿಸುವಾಗ ಮನೆತನದ ಹಳೆಯ ಕೋವಿಯ ಪಕ್ಕದಲ್ಲಿ ಇತ್ತೀಚಿನ ಜೋಡು ನಳಿಗೆಯದೂ ನಿಲ್ಲುತ್ತದೆ. ಅಲ್ಲಿ ಪೂಜೆಗೆ ಪಾತ್ರವಾಗುವುದು ಲೋಹವಲ್ಲ, ಮನೆಯೊಂದಿಗೆ ಆ ಆಯುಧಕ್ಕಿರುವ ಸಂಬಂಧ.

ಪ್ರತಿಕೃತಿ ರಕ್ತ ಕಂಡಿಲ್ಲ, ಆದ್ದರಿಂದ ಅದು ನಿರ್ದೋಷಿ ಎಂಬ ಸಮಾಧಾನ ಮಾತ್ರ ಕನ್ನಡ ಓದುಗನ ಮುಂದೆ ನಿಲ್ಲಲಾರದು, ಏಕೆಂದರೆ 1209ರ ಜನ್ನನ ಯಶೋಧರ ಚರಿತೆ ಇದಕ್ಕೆ ಬಹು ಹಿಂದೆಯೇ ಉತ್ತರ ಕೊಟ್ಟಿದೆ. ಜೀವಬಲಿಗೆ ಹಿಂಜರಿದ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಮಾರಿದೇವತೆಗೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದದ್ದು ಪ್ರತಿಕೃತಿ, ಸುರಿಯಲು ರಕ್ತವೂ ಇರಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ನಿಜವಾಗಿದ್ದುದರಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ, ತಾವೇ ಮತ್ತೆ ಮತ್ತೆ ಕೊಲೆಗೀಡಾಗಬೇಕಾಗುತ್ತದೆ. ಸ್ಥಾಪನೆಯಲ್ಲಿ ನೆಲೆಗೊಳಿಸಿದ ಭಾವ ಸುಳ್ಳಲ್ಲವೆಂಬುದನ್ನು ಯಾವ ಶಾಸ್ತ್ರಗ್ರಂಥವೂ ಇಷ್ಟು ತೀಕ್ಷ್ಣವಾಗಿ ಹೇಳಿದಂತಿಲ್ಲ. ಇದೇ ತರ್ಕವನ್ನು ತಿರುಗಿಸಿದರೆ, ಮೂಲ ಕೋವಿಯನ್ನು ಗೋಡೆಗೆ ತೂಗುಹಾಕಿಕೊಂಡ ಮಾತ್ರಕ್ಕೆ ಅದನ್ನು ಹಿಡಿದು ಸತ್ತವನ ಶೌರ್ಯ ಯಾರಿಗೂ ಬರುವುದಿಲ್ಲ. ಅದು ಕೊಂದವರ ಪಾಪವೂ ತಾನಾಗಿ ಬಂದು ಅಂಟುವುದಿಲ್ಲ.

ಹಾಗಾದರೆ ಆಯ್ಕೆಗೆ ಆಧಾರವೇನು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಸ್ತೇಯ ವ್ರತಕ್ಕೆ, ಅಂದರೆ ಕಳ್ಳತನ ಮಾಡದಿರುವ ವ್ರತಕ್ಕೆ, ಭಂಗ ತರುವ ಐದು ಅತಿಚಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೂರು ಈ ವ್ಯವಹಾರಕ್ಕೆ ನೇರವಾಗಿ ಅನ್ವಯಿಸುತ್ತವೆ: ಕದ್ದು ತಂದುದನ್ನು ಸ್ವೀಕರಿಸುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಮತ್ತು ‘ಪ್ರತಿರೂಪಕ ವ್ಯವಹಾರ’, ಎಂದರೆ ನಕಲನ್ನು ಅಸಲೆಂದು ಮಾರುವುದು. ಪ್ರತಿಕೃತಿಯ ದೋಷ ಅದರ ಹೊಸತನದಲ್ಲಿಲ್ಲ. ತುಕ್ಕು ಹಿಡಿಸಿ, ಸುಳ್ಳು ಮುದ್ರೆಯೊತ್ತಿ ಅದನ್ನು ಹಳೆಯದೆಂದು ನಂಬಿಸುವುದರಲ್ಲಿದೆ. ಮೂಲದ ದೋಷ ಹಲವು ಬಾರಿ ಅದು ಬಂದ ದಾರಿಯಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ವಸ್ತುಗಳು ಗೆದ್ದ ಸೇನೆಯ ಪಾಲಾದವು. ಅವನ ಶಯನಗೃಹದ್ದೆಂದು ಹೇಳಲಾದ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಅಂದಿನ ಯುದ್ಧನಿಯಮ ಅದನ್ನು ಲೂಟಿಯೆಂದು ಕರೆಯದಿರಬಹುದು, ಆದರೆ ವ್ರತದ ಕಣ್ಣಿಗೆ ಅದು ಕೊಡದೆ ಪಡೆದ ವಸ್ತುವೇ.

ಆದ್ದರಿಂದ ಬಂದ ದಾರಿ ಶುದ್ಧವಾಗಿದ್ದು, ಹಾರಿಸುವ ಬಯಕೆಯಿಲ್ಲದೆ ಕಾಪಾಡುವ ಹೊಣೆ ಹೊರಬಲ್ಲವನಿಗೆ ಮೂಲ ತಕ್ಕುದು. ನಾಟಕಕ್ಕೆ, ಪ್ರದರ್ಶನಕ್ಕೆ, ಕಲಿಕೆಗೆ ಪ್ರತಿಕೃತಿ ಸಾಕು, ಅದರ ಮೈಮೇಲೆ ತಯಾರಾದ ವರ್ಷ ಎದ್ದು ಕಾಣುವಂತಿದ್ದರೆ. ನಾಡಿನ ಚರಿತ್ರೆಗೆ ಸೇರಿದ ಮೂಲ ಆಯುಧಗಳಾದರೋ ಯಾರೊಬ್ಬರ ಗೋಡೆಗೂ ಸಲ್ಲತಕ್ಕವಲ್ಲ. ಬಿದನೂರು ನಗರದ ಹಾಳು ಬಾವಿಯಲ್ಲಿ 2018ರಲ್ಲಿ ದೊರೆತ, ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಶಿವಮೊಗ್ಗದ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವು ಇರಬೇಕಾದ ಜಾಗ ಅದೇ.