ಸಮುದ್ರಯಾನವೂ ಗೃಹಸ್ಥಧರ್ಮವೂ

ಗೃಹಸ್ಥನಾದವನು ಹೆಂಡತಿ ಮಕ್ಕಳೊಡನೆ ನಿಷ್ಕಾರಣವಾಗಿ ಸಮುದ್ರವನ್ನು ಹೊಗಬಹುದೆ? ಹೊಟ್ಟೆಪಾಡಿಗಾಗಿ ಅಲ್ಲ, ತೀರ್ಥಯಾತ್ರೆಗಾಗಿ ಅಲ್ಲ, ಕೇವಲ ಸಂತೋಷಕ್ಕಾಗಿ ಹೊಗಬಹುದೆ ಎಂಬುದು ನನ್ನ ಸಂಶಯ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಜಯನಗರದಲ್ಲಿ ಕುಳಿತು, ಸುಮಾರು 100 ಕಿಲೋಮೀಟರು ದೂರದಿಂದ ಏರಿಸಿ ತಂದ ಕಾವೇರಿಯ ನೀರನ್ನು ಕುಡಿಯುವವನಿಗೆ ಈ ಚಿಂತೆಯೇಕೆಂದು ವಾಚಕರು ಕೇಳಬಹುದು. ಹಾಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಕಳೆದ ಬೇಸಗೆಯಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು, ಚಿಕ್ಕದೊಂದು ಹಾಯಿದೋಣಿಯಲ್ಲಿ ಆ ದೇಶದ ಉತ್ತರತೀರದಿಂದ ಹೊರಟು, ಜರ್ಮನಿಯ ಕೀಲ್ ಕಾಲುವೆಯ ಮಾರ್ಗವಾಗಿ ಬಾಲ್ಟಿಕ್ ಸಮುದ್ರವನ್ನು ಸೇರಿದನು. ಸೇರಿದ ಮೇಲೆ ನನಗೆ ಕಾಗದ ಬರೆದನು. ಹೊರಡುವ ಮುನ್ನ ತಿಳಿಸಲಿಲ್ಲ. ಏಕೆ ತಿಳಿಸಲಿಲ್ಲವೆಂಬುದನ್ನು ನಾನು ಬಲ್ಲೆ.

ಇಪ್ಪತ್ತಮೂರು ವರ್ಷಗಳ ಹಿಂದೆ, ಅವನು ಹದಿನೇಳರ ಹುಡುಗನಾಗಿದ್ದಾಗ, ಹಡಗು ನಡೆಸುವ ವಿದ್ಯೆಯನ್ನು ಕಲಿಯಬೇಕೆಂದು ನನ್ನನ್ನು ಕೇಳಿದನು. ನಾನು ಶಾಸ್ತ್ರವನ್ನು ಮುಂದಿಟ್ಟು ನಿಷೇಧಿಸಿದೆನು. ಅವನು ಮರುಮಾತಾಡದೆ ಇಂಜಿನಿಯರಿಂಗ್ ಓದಿದನು. ಮುಂದೆ ಅವನು ವಿದೇಶಕ್ಕೆ ಹೊರಟಾಗ ವಿಮಾನನಿಲ್ದಾಣದಲ್ಲಿ ಹಣೆಗೆ ಕುಂಕುಮವಿಟ್ಟು ಹರಸಿ ಕಳುಹಿಸಿದವನೂ ನಾನೇ. ಆ ವಿಮಾನವೂ ಸಮುದ್ರವನ್ನು ದಾಟಿಯೇ ಹೋಯಿತು. ಅಂದು ನನಗೆ ಶಾಸ್ತ್ರವು ನೆನಪಾಗಲಿಲ್ಲ.

ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳೋಣ. ಬೌಧಾಯನ ಧರ್ಮಸೂತ್ರವು ಪತನೀಯ ಕರ್ಮಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಹೇಳಿ, ಮೂರು ವರ್ಷಗಳ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಮನುವು ಸಮುದ್ರಯಾಯಿಯನ್ನು ಶ್ರಾದ್ಧಪಂಕ್ತಿಯಿಂದ ಹೊರಗಿಡುತ್ತಾನೆ. ಆದರೆ ಅದೇ ಮನುವು ಹಡಗಿನ ವ್ಯಾಪಾರದ ಬಡ್ಡಿಯನ್ನು ನಿಶ್ಚಯಿಸುವಾಗ ಸಮುದ್ರಯಾನದಲ್ಲಿ ಕುಶಲರಾದವರ ಮಾತನ್ನೇ ಪ್ರಮಾಣವೆನ್ನುತ್ತಾನೆ. ಅದೇ ಬೌಧಾಯನನು ದಕ್ಷಿಣ ಉತ್ತರ ದೇಶಗಳ ವಿವಾದಾಸ್ಪದ ಆಚಾರಗಳನ್ನು ಐದೈದಾಗಿ ಪಟ್ಟಿಮಾಡುತ್ತಾನೆ. ಉತ್ತರದವರ ಪಟ್ಟಿಯಲ್ಲಿ ಸಮುದ್ರಯಾನವಿದೆ. ದಾಕ್ಷಿಣಾತ್ಯರಾದ ನಮ್ಮ ಪಟ್ಟಿಯಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದಿದೆ. ಈ ಎರಡನೆಯದನ್ನು ನಾನು ನಿಶ್ಶಂಕೆಯಿಂದ ಆಚರಿಸಿ ನಲವತ್ತೆರಡು ವರ್ಷ ಸುಖವಾಗಿ ಸಂಸಾರ ಮಾಡಿದ್ದೇನೆ. ಪಾಠಶಾಲೆಯಲ್ಲಿ ಈ ಸೂತ್ರಗಳನ್ನು ಓದಿದವನು ಮಗನಿಗೆ ಒಂದು ಪಟ್ಟಿಯನ್ನು ಮಾತ್ರ ತೋರಿಸಿದೆನು.

ಇದು ಹಳೆಯ ಓಲೆಗಳ ವಿವಾದವೆಂದು ಯಾರೂ ತಿಳಿಯಬಾರದು. 2008ರಲ್ಲಿ ಉಡುಪಿಯ ಪುತ್ತಿಗೆ ಮಠದ ಪರ್ಯಾಯ ಕಾಲದಲ್ಲಿ, ಸಮುದ್ರವನ್ನು ದಾಟಿ ವಿದೇಶಸಂಚಾರ ಮಾಡಿಬಂದ ಯತಿಗಳು ಶ್ರೀಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೆ ಎಂಬ ಚರ್ಚೆಯು ನಾಡಿನಲ್ಲೆಲ್ಲ ನಡೆಯಿತು. ಯತಿಧರ್ಮದ ಸೂಕ್ಷ್ಮವನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೆ ಆ ಮೂರ್ತಿಯೇ ದ್ವಾರಕೆಯ ಕಡೆಯಿಂದ ಹಡಗಿನಲ್ಲಿ ಬಂದಿತೆಂದೂ, ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದ ಆ ಹಡಗನ್ನು ಮಧ್ವಾಚಾರ್ಯರು ದಡಮುಟ್ಟಿಸಿ, ಗೋಪೀಚಂದನದ ಗಡ್ಡೆಯೊಳಗಿದ್ದ ದೇವರನ್ನು ಪಡೆದರೆಂದೂ ಪರಂಪರೆಯು ಹೇಳುತ್ತದೆ. ನಮ್ಮ ದೇವರು ಬಂದ ದಾರಿಯನ್ನು ಗೃಹಸ್ಥನಿಗೆ ಅಶುಚಿಯೆನ್ನಲು ನನ್ನ ಬಾಯಿ ಬರುವುದಿಲ್ಲ.

ಶಾಸ್ತ್ರವನ್ನು ಬಿಟ್ಟರೂ ಲೋಕಯುಕ್ತಿಯ ಆಕ್ಷೇಪವೊಂದು ಉಳಿಯುತ್ತದೆ. ತಂದೆಯು ತನ್ನ ಪ್ರಾಣವನ್ನು ಪಣವಾಗಿಡಬಹುದು. ಮಕ್ಕಳ ಪ್ರಾಣವನ್ನು ಇಡಲು ಅವನಿಗೆ ಯಾವ ಅಧಿಕಾರ? ಈ ಆಕ್ಷೇಪವು ಬಲವಾದದ್ದು. ಇದಕ್ಕೆ ಸಮಾಧಾನವನ್ನು ಹುಡುಕುತ್ತ ಮಗನ ಕಾಗದವನ್ನು ಮೂರು ಸಲ ಓದಿದೆನು.

ಹಾಲೆಂಡಿನ ಉತ್ತರಕ್ಕಿರುವ ವಾಡನ್ ಸಮುದ್ರವು ಬಹಳ ಆಳವಿಲ್ಲದ್ದು. ಇಳಿತದ ಹೊತ್ತಿಗೆ ಅದರ ತಳವು ಮೈಲಿಗಟ್ಟಲೆ ಬಯಲಾಗುತ್ತದೆ. ಒಂದು ದಿನ ದೋಣಿಯು ಮರಳಿನ ಮೇಲೆ ಕುಳಿತಿತಂತೆ; ಮಕ್ಕಳು ಕೆಳಗಿಳಿದು ಸುತ್ತಲೂ ನಡೆದಾಡಿದರಂತೆ. ನೀರು ಮರಳಿ ಬರುವ ಗಳಿಗೆಯನ್ನು ಪಟ್ಟಿಯಲ್ಲಿ ನೋಡಿ ಹೇಳುವುದು ಹತ್ತು ವರ್ಷದ ಮೊಮ್ಮಗಳ ಕೆಲಸ. ಗಾಳಿಯು ಪ್ರತಿಕೂಲವೆಂದು ತಿಳಿದಾಗ ಮೂರು ದಿನ ಬಂದರಿನಲ್ಲಿಯೇ ಉಳಿದರು. 1895ರಲ್ಲಿ ತೆರೆದ ಕೀಲ್ ಕಾಲುವೆಯು 98 ಕಿಲೋಮೀಟರು ಉದ್ದವಿದ್ದು, ಡೆನ್ಮಾರ್ಕಿನ ಭೂಶಿರವನ್ನು ಸುತ್ತುವ ದೂರವನ್ನು ಉಳಿಸುತ್ತದೆ. ಅಲ್ಲಿ ವಿಹಾರದ ಚಿಕ್ಕ ದೋಣಿಗಳು ಹಗಲಿನಲ್ಲಿ ಮಾತ್ರ ಸಂಚರಿಸಬೇಕೆಂಬ ನಿಯಮವಿದೆ. ಕಾಲುವೆಯ ಎರಡು ತುದಿಗಳಲ್ಲಿಯೂ ಕದವುಳ್ಳ ಕಟ್ಟೆಗಳಿವೆ. ಒಳಗೆ ಹೊಕ್ಕ ಮೇಲೆ ಕದ ಮುಚ್ಚಿ, ಎರಡು ಕಡೆಯ ನೀರನ್ನು ಸಮಮಾಡಿ, ಆಚೆಯ ಕದವನ್ನು ತೆರೆಯುತ್ತಾರೆ. ಅಷ್ಟು ಹೊತ್ತು ದೋಣಿಯ ಹಗ್ಗವನ್ನು ಕೈಯಲ್ಲಿ ಹಿಡಿದಿರಬೇಕು. ಬಿಗಿಯಾಗಿ ಕಟ್ಟಿಬಿಟ್ಟರೆ ನೀರು ಇಳಿದಾಗ ದೋಣಿಯು ತೂಗಿಬೀಳುವುದು. ಬಿಟ್ಟುಬಿಟ್ಟರೆ ಪಕ್ಕದ ಹಡಗಿಗೆ ಬಡಿಯುವುದು. ನೀರನ್ನು ನೋಡುತ್ತ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಆ ಹಗ್ಗವನ್ನು ಮೊಮ್ಮಗಳು ಹಿಡಿದಿದ್ದಳು; ತಂದೆಯು ಅವಳ ಹಿಂದೆ ನಿಂತಿದ್ದನು.

ಇದರಿಂದ ನನಗೆ ತೋರಿದ ಸಿದ್ಧಾಂತವಿಷ್ಟು. ದುಡುಕಿಗೂ ಧೈರ್ಯಕ್ಕೂ ಭೇದವನ್ನು ಹೇಳುವುದು ಸ್ಥಳವಲ್ಲ, ಎಚ್ಚರ. ಬೆಂಗಳೂರಿನ ಬೀದಿಯಲ್ಲಿ ಒಂದೇ ದ್ವಿಚಕ್ರವಾಹನದ ಮೇಲೆ ಮೂರು ಮಕ್ಕಳನ್ನು ಶಾಲೆಗೆ ಒಯ್ಯುವ ತಂದೆಯನ್ನು ನಾವು ಸಾಹಸಿಯೆನ್ನುವುದಿಲ್ಲ. ಮೂರು ದಿನ ಗಾಳಿಗಾಗಿ ಕಾದವನನ್ನು ಹಾಗೆ ಕರೆಯುತ್ತೇವೆ. ಮಕ್ಕಳನ್ನು ಅಪಾಯದಿಂದ ಪೂರ್ತಿ ದೂರವಿಡುವುದು ಯಾವ ತಂದೆಗೂ ಶಕ್ಯವಲ್ಲ. ಅಪಾಯವನ್ನು ಗುರುತಿಸಿ ಅದಕ್ಕೆ ತಕ್ಕಂತೆ ನಡೆಯುವುದನ್ನು ಪಕ್ಕದಲ್ಲಿ ನಿಂತು ಕಲಿಸುವುದು ಶಕ್ಯ. ಆದುದರಿಂದ ಅದೇ ಕರ್ತವ್ಯ. ಆದರೂ ಆಕ್ಷೇಪವು ಪೂರ್ತಿ ಪರಿಹಾರವಾಯಿತೆಂದು ಹೇಳಲಾರೆ. ಸಮುದ್ರವು ಎಚ್ಚರವಿದ್ದವರನ್ನೂ ಕೆಲವೊಮ್ಮೆ ಉಳಿಸುವುದಿಲ್ಲ.

ಅಂದು ನಾನು ಮಗನಿಗೆ ಹೇಳಬೇಕಾಗಿದ್ದ ಮಾತು "ನನಗೆ ಹೆದರಿಕೆ" ಎಂಬುದು. ಅದನ್ನು ಹೇಳಿದ್ದರೆ ಅವನು ವಾದಿಸಬಹುದಾಗಿತ್ತು, ಧೈರ್ಯ ಹೇಳಬಹುದಾಗಿತ್ತು. ಹೆದರಿಕೆಗೆ ಧರ್ಮದ ಹೆಸರಿಟ್ಟು ಅವನ ಬಾಯನ್ನು ಕಟ್ಟಿದೆನು. ಮಕ್ಕಳ ಮೇಲಿನ ಭಯವು ಪಾಪವಲ್ಲ. ಅದನ್ನು ಶಾಸ್ತ್ರವೆಂದು ನುಡಿಯುವುದು ಅಸತ್ಯ. ಗೃಹಸ್ಥನಿಗೆ ಸಮುದ್ರಯಾನಕ್ಕಿಂತ ಅದು ಹೆಚ್ಚು ದೋಷಕರವೆಂದು ಈಗ ತಿಳಿದಿದ್ದೇನೆ.

ಈ ಮಾತನ್ನೆಲ್ಲ ಮಗನಿಗೆ ಬರೆದೆನು. ಮುಂದಿನ ಬೇಸಗೆಯಲ್ಲಿ ಹೊರಡುವ ಮುನ್ನವೇ ತಿಳಿಸುವೆನೆಂದು ಉತ್ತರ ಬಂದಿದೆ. ಹೆದರಿಕೆಯು ಆಗಲೂ ಇರುತ್ತದೆ.